ಗಾಡಿ ತಡವಾದರೆ ಟಿಕೆಟ್ಟು ತಪ್ಪಾಗುವುದು ಹೇಗೆ?

ರೈಲು ಟಿಕೆಟ್ಟುಗಳ ನಿಯಮಗಳಿಗೆ ಸಹಿ ಹಾಕುವ ಅಧಿಕಾರಿಗಳಿಗೆ,

ಮಾನ್ಯರೇ,

ಈ ಪತ್ರದ ಮೊದಲ ಪ್ರತಿಯಲ್ಲಿ ನಾನು ಇರಲೇ ಇಲ್ಲ. ತಡವಾದ ಗಾಡಿ ಇತ್ತು, ದಂಡದ ರಸೀದಿ ಇತ್ತು, ಮಗಳನ್ನು ನೋಡಲು ಹೊರಟ ಒಬ್ಬ ತಾಯಿ ಇದ್ದಳು, ತಮಗಾಗಿ ನಾನು ಹುಡುಕಿ ಹುಡುಕಿ ಆರಿಸಿದ ಕಟುವಾದ ಮಾತುಗಳೂ ಇದ್ದವು. ಅದನ್ನು ಮುದ್ದೇಬಿಹಾಳದ ನಮ್ಮ ಮನೆಯಲ್ಲಿ ಅತ್ತೆ ಇಂದೂಬಾಯಿಯವರಿಗೆ ಓದಿ ಹೇಳಿದೆ. ಅವರು ಕೊನೆಯವರೆಗೂ ಕೇಳಿ, "ಎಲ್ಲಾ ಛಲೋ ಬರದೀ ರಂಜನಾ. ಆದ್ರ ಇದರೊಳಗ ನೀ ಎಲ್ಲಿದ್ದಿ? ಆ ಹೆಣಮಗಳಿಗೆ ಆ ಗಾಡಿ ಹತ್ತು ಅಂತ ಹೇಳಿದಾಕಿ ಯಾರು?" ಎಂದರು. ನಾನು ಒಳಗೆ ಹೋಗಿ ಹೊಸ ಹಾಳೆ ತೆಗೆದುಕೊಂಡೆ. ಆದ್ದರಿಂದ ಮೊದಲಿಗೇ ಹೇಳಿಬಿಡುತ್ತೇನೆ: ಹೇಳಿದವಳು ನಾನು. ಬಸ್ಸಿಗೆ ಹೋಗಲು ಎದ್ದು ನಿಂತವಳನ್ನು ತಡೆದು ಕೂರಿಸಿದವಳೂ ನಾನೇ. ಇದನ್ನು ಬಿಟ್ಟು ಬರೆದಿದ್ದರೆ ಪತ್ರ ಇನ್ನೂ ಹರಿತವಾಗಿರುತ್ತಿತ್ತು. ಪ್ರಾಮಾಣಿಕವಾಗಿರುತ್ತಿರಲಿಲ್ಲ.

ಇನ್ನು ದೂರು. ನವೆಂಬರ್ ಎಂಟರಂದು ತಮ್ಮ ಸಾಧಾರಣ ಗಾಡಿಯೊಂದು ಮೂರೂವರೆ ಗಂಟೆ ತಡವಾಯಿತು. ಅಷ್ಟರಲ್ಲಿ ಅದೇ ಹಳಿಯ ಮೇಲೆ, ಅದೇ ಊರಿಗೆ, ತಮ್ಮದೇ ಎಕ್ಸ್‌ಪ್ರೆಸ್ ಬಂತು. ತಡವಾದ ಗಾಡಿಯ ಟಿಕೆಟ್ಟು ಹಿಡಿದು ಅದನ್ನು ಹತ್ತಿದವರು ತಪ್ಪಿತಸ್ಥರಾದರು. ಪರಿಣಾಮವಾಗಿ, ತಿಂಗಳಿಗೆ ಎರಡೇ ಎರಡು ಗಂಟೆ ಮಗಳನ್ನು ನೋಡಲು ಅನುಮತಿ ಇರುವ ಒಬ್ಬ ತಾಯಿಗೆ ಆ ಎರಡು ಗಂಟೆ ಸಿಗಲಿಲ್ಲ. ಮುಂದಿನವೂ ಸಿಗುತ್ತವೆಯೇ ಎಂಬುದು ಡಿಸೆಂಬರ್ ಹತ್ತರಂದು ತೀರ್ಮಾನವಾಗುತ್ತದೆ. ನಾನು ಬರೆಯುತ್ತಿರುವುದು ಅದಕ್ಕಾಗಿ.

ಗಾಡಿಯ ನಂಬರು, ನಿಲ್ದಾಣದ ಹೆಸರು, ಕಿಟಕಿಯ ಗುಮಾಸ್ತರ ಹೆಸರು, ಟಿಸಿಯ ಹೆಸರು ಯಾವುದನ್ನೂ ಇಲ್ಲಿ ಬರೆಯುವುದಿಲ್ಲ. ಬರೆದರೆ ಏನಾಗುತ್ತದೆಂದು ಊಹಿಸಬಲ್ಲೆ. ಒಬ್ಬಿಬ್ಬರಿಗೆ ನೋಟಿಸು ಹೋಗುತ್ತದೆ, ಅವರು ತಪ್ಪೊಪ್ಪಿಗೆ ಬರೆದುಕೊಡುತ್ತಾರೆ, ಕಡತ ಮುಚ್ಚುತ್ತದೆ, ನಿಯಮ ಇದ್ದಲ್ಲೇ ಇರುತ್ತದೆ. ನನ್ನ ಜಗಳ ತಮ್ಮ ಕೈಕೆಳಗಿನವರ ಜೊತೆ ಅಲ್ಲ.

ನಾನು ಇಂಡಿ ಪಟ್ಟಣದ ಪದವಿಪೂರ್ವ ಕಾಲೇಜೊಂದರಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಮನೆ ಮುದ್ದೇಬಿಹಾಳ. ಎರಡನೇ ಶನಿವಾರ ರಜೆ ಬಂದಾಗ ರೈಲಿನಲ್ಲಿ ವಿಜಯಪುರ, ಮುಳವಾಡ ದಾಟಿ ಬಸವನ ಬಾಗೇವಾಡಿ ರೋಡಿನಲ್ಲಿ ಇಳಿದು ಬಸ್ಸು ಹಿಡಿಯುತ್ತೇನೆ. ನಮ್ಮ ಕಡೆ ನಿಲ್ದಾಣದ ಹೆಸರಿನ ಕೊನೆಗೆ 'ರೋಡ್' ಎಂದು ಇದ್ದರೆ, ಊರು ಇಲ್ಲಿಲ್ಲ, ಇಲ್ಲಿಂದ ಊರಿಗೆ ರೋಡು ಹೋಗುತ್ತದೆ ಎಂದರ್ಥ. ಅಷ್ಟರಮಟ್ಟಿಗೆ ತಮ್ಮ ಇಲಾಖೆ ಸತ್ಯವನ್ನೇ ಬರೆದಿದೆ.

ಆ ಶನಿವಾರ ಇಂಡಿ ತಾಲೂಕಿನ ಆ ನಿಲ್ದಾಣದಲ್ಲಿ ಗಾಡಿ ಏಳೂ ನಲವತ್ತಕ್ಕೆ ಬರಬೇಕಿತ್ತು. ಮೊದಲು ನಲವತ್ತು ನಿಮಿಷ ತಡ ಎಂದರು, ಆಮೇಲೆ ಒಂದೂವರೆ ಗಂಟೆ ಎಂದರು. ಅಲ್ಲಿಂದ ಮುಂದೆ ಧ್ವನಿವರ್ಧಕದ ಆ ಸೌಮ್ಯ ಹೆಣ್ಣುದನಿ ಗಂಟೆಗಳ ಗೊಡವೆಗೇ ಹೋಗದೆ, ಆಗುವ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂಬಲ್ಲಿಗೆ ಬಂದು ನಿಂತುಬಿಟ್ಟಿತು. ಮೂರು ಭಾಷೆಗಳಲ್ಲಿ ನಿಂತಿತು. ವಿಷಾದದಲ್ಲಿ ತಮಗೆ ಭಾಷಾ ತಾರತಮ್ಯವಿಲ್ಲ, ಒಪ್ಪುತ್ತೇನೆ. ಆ ಬೆಳಿಗ್ಗೆ ನಿಲ್ದಾಣಕ್ಕೆ ಹೊತ್ತಿಗೆ ಸರಿಯಾಗಿ ಬರುತ್ತಿದ್ದದ್ದು ಅದೊಂದೇ.

ನನ್ನ ಬೆಂಚಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ದಿಲಾವರ, ನಿಂಬೆಹಣ್ಣಿನ ವ್ಯಾಪಾರಿ, ಕಾಲಬುಡದಲ್ಲಿ ಎರಡು ಚೀಲ. ಇನ್ನೊಬ್ಬಳು ವಿಜಯಲಕ್ಷ್ಮಿ, ಮೂವತ್ತರ ಆಸುಪಾಸು, ಅಗರಖೇಡದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಾಳೆ. ಒಂದು ಗಂಟೆ ಒಟ್ಟಿಗೆ ಕಾದರೆ ನಮ್ಮ ಕಡೆ ಯಾರ ಕಥೆಯೂ ಒಳಗೆ ಉಳಿಯುವುದಿಲ್ಲ. ಗಂಡನಿಂದ ಬೇರೆಯಾಗಿದ್ದಾಳೆ. ಒಂದನೇ ಇಯತ್ತೆಯ ಮಗಳು ಅವನ ಮನೆಯಲ್ಲಿದ್ದಾಳೆ. ಪ್ರತಿ ತಿಂಗಳ ಎರಡನೇ ಶನಿವಾರ ಹನ್ನೊಂದರಿಂದ ಒಂದರವರೆಗೆ, ವಿಜಯಪುರದಲ್ಲಿ ನ್ಯಾಯಾಲಯ ಗೊತ್ತುಮಾಡಿದ ಒಂದು ಸಮಾಲೋಚನಾ ಕೇಂದ್ರದ ಕೋಣೆಯಲ್ಲಿ ತಾಯಿ ಮಗಳನ್ನು ನೋಡಬಹುದು. ಅಕ್ಟೋಬರಿನ ಭೇಟಿ ವಿಜಯಲಕ್ಷ್ಮಿಗೆ ಜ್ವರ ಬಂದು ತಪ್ಪಿಹೋಗಿತ್ತು. ಇನ್ನೊಂದು ತಪ್ಪಿದರೆ ಭೇಟಿಯನ್ನೇ ನಿಲ್ಲಿಸಿ ಎಂದು ಅರ್ಜಿ ಹಾಕುವುದಾಗಿ ಗಂಡನ ವಕೀಲರು ಆಗಲೇ ಹೇಳಿಕಳಿಸಿದ್ದರು. ಬಸ್ಸಿಗೆ ಹೋಗಬಾರದಿತ್ತೇ ಎಂದು ಕೇಳಿದೆ.

"ಬಸ್ಸಿನಾಗ ನನಗ ವಾಂತಿ ಆಗ್ತೈತ್ರಿ ಅಕ್ಕಾರ. ಎರಡ ತಾಸಿಗೆ ನನ್ನ ಮಾರಿ ನೋಡೂ ಹುಡುಗಿ ಅದು. ಅದರ ಮುಂದ ಬಾಡಿದ ಮಾರಿ ತಗೊಂಡ ಹೋಗಿ ಹೆಂಗ ನಿಂದರ್ಲಿ?"

ದಿಲಾವರ ತನ್ನ ಚೀಲಗಳನ್ನು ನೋಡುತ್ತ, "ನೀನರ ಮಾರಿ ತೊಳಕೊಂಡಿ ತಂಗಿ. ಈ ನಿಂಬಿಹಣ್ಣಿಗೆ ನಾ ಏನ ಹೇಳ್ಲಿ? ಗಾಡಿ ಲೇಟ್ ಐತ್ರಪಾ, ಹಳದಿ ಆಗಬ್ಯಾಡ್ರಿ ಅಂತ ಹೇಳ್ಲೇನು?" ಎಂದ. ಅವಳು ನಕ್ಕಳು. ಆ ದಿನ ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಎಂಟೂವರೆಗೆ ಅವಳು ಚೀಲ ಹೆಗಲಿಗೇರಿಸಿ ಎದ್ದಳು. "ವಾಂತಿ ಆದ್ರ ಆಗ್ಲಿ, ಟಂಟಂ ಹಿಡದು ಬಸ್ ಸ್ಟ್ಯಾಂಡಿಗೆ ಹೋಗ್ತೇನ್ರಿ. ಇದನ್ನ ನಂಬಿ ಕುಂತ್ರ ನನ್ನ ಹನ್ನೊಂದ ಹೋಗ್ತಾವ." ಹೋಗಿದ್ದರೆ ಹತ್ತೂವರೆಗೆ ವಿಜಯಪುರ ಮುಟ್ಟುತ್ತಿದ್ದಳು. ಆಮೇಲೆ ಲೆಕ್ಕ ಹಾಕಿ ನೋಡಿದ್ದೇನೆ, ಒಂದು ಸಲವಲ್ಲ. ಆದರೆ ನಾನು, "ತಡಿ, ಒಂಬತ್ತೂ ಕಾಲಿಗೆ ಎಕ್ಸ್‌ಪ್ರೆಸ್ ಅದ. ಇದೇ ಟಿಕೆಟ್ ಅದಕ್ಕ ನಡೀತದೋ ಏನೋ, ಕೇಳಿ ಬರ್ತೀನಿ" ಎಂದೆ. ಉಪಕಾರ ಮಾಡುವ ಉತ್ಸಾಹ ಎಂದು ಆಗ ಅಂದುಕೊಂಡಿದ್ದೆ. ಓದಿದವಳು ನಾನು, ನಾನು ಕೇಳಿದರೆ ಸರಿಯಾದ ಉತ್ತರ ಬರುತ್ತದೆ ಎಂಬ ಜಂಬವೂ ಅದರಲ್ಲಿತ್ತು ಎಂದು ಈಗ ಅನ್ನಿಸುತ್ತದೆ.

ಒಂದೇ ಕಿಟಕಿ, ಒಬ್ಬನೇ ಗುಮಾಸ್ತ, ಎರಡು ಫೋನು. ನಾನು ಟಿಕೆಟ್ಟನ್ನು ಎತ್ತಿ ಹಿಡಿದು, "ಎಕ್ಸ್‌ಪ್ರೆಸ್ಸಿಗೆ ನಡೀತದೇನ್ರಿ?" ಎಂದೆ. ಆತ ಫೋನಿನಿಂದ ಕಿವಿ ತೆಗೆಯದೆ, ತಲೆಯನ್ನೂ ಎತ್ತದೆ, "ಎಕ್ಸ್‌ಪ್ರೆಸ್ಸೇನ್ರಿ? ನಡೀತೈತ್ರಿ, ನಡೀತೈತಿ, ಇವತ್ತ ಐತಿ" ಎಂದ.

ಮಾನ್ಯರೇ, ತಾವು ಯಾವ ಸೀಮೆಯವರೋ ತಿಳಿಯದು. ನಮ್ಮ ಸೀಮೆಯಲ್ಲಿ ಈ ಒಂದು ಪದದ ಮೇಲೆ ಅರ್ಧ ಸಂಸಾರ ಸಾಗುತ್ತದೆ. ಸಕ್ಕರೆ ಇಲ್ಲದಿದ್ದರೆ ಚಹಾಕ್ಕೆ ಬೆಲ್ಲ ನಡೀತೈತಿ. ಹರಿದ ನೋಟು ಅಂಗಡಿಯಲ್ಲಿ ನಡೀತೈತಿ. ಕೋರ್ಟಿನಲ್ಲಿ ಕೇಸು ನಡೀತೈತಿ. ಓಡುತ್ತದೆ ಎಂದರೂ ಅದೇ, ಆದೀತು ಎಂದರೂ ಅದೇ, ಚಾಲ್ತಿಯಲ್ಲಿದೆ ಎಂದರೂ ಅದೇ. ಹಿಂದಿನ ಮೂರು ದಿನ ಆ ಎಕ್ಸ್‌ಪ್ರೆಸ್ ರದ್ದಾಗಿತ್ತಂತೆ. ಇವತ್ತು ಇದೆಯೇ ಎಂದು ಬೆಳಗಿನಿಂದ ಎಲ್ಲರೂ ಆತನನ್ನು ಕೇಳುತ್ತಿದ್ದರಂತೆ. ಆತ ಹೇಳಿದ್ದು ಗಾಡಿಯ ಮಾತು, ನಾನು ಕೇಳಿದ್ದು ಟಿಕೆಟ್ಟಿನ ಮಾತು. ಇಪ್ಪತ್ತು ವರ್ಷ ವ್ಯಾಕರಣ ಕಲಿಸಿದವಳು ನನ್ನ ವಾಕ್ಯದಲ್ಲಿ ಕರ್ತೃಪದವನ್ನೇ ಬಿಟ್ಟಿದ್ದೆ.

ವಾಪಸು ಬಂದು, "ನಡೀತದಂತ" ಎಂದೆ. ವಿಜಯಲಕ್ಷ್ಮಿ, "ಖರೇನ ನಡೀತೈತೇನ್ರಿ ಅಕ್ಕಾರ?" ಎಂದು ಎರಡು ಸಲ ಕೇಳಿ, "ಕಲತವ್ರು ಕೇಳಿ ಬಂದೀರಿ ಅಂದ್ರ ಆತು ಬಿಡ್ರಿ" ಎಂದು ಕುಳಿತಳು. ದಿಲಾವರ ಮಾತ್ರ ನನ್ನನ್ನೇ ನೋಡಿದ.

"ಬಾಯಾರ, ಅಂವಾ ನಡೀತೈತಿ ಅಂದಿದ್ದು ಗಾಡಿಗೋ ಚೀಟಿಗೋ?"

"ಟಿಕೆಟ್ ತೋರಿಸೇ ಕೇಳೀನಲ್ರಿ."

"ಅಂವಾ ನೋಡಿದ್ನೇನು?"

ಎದ್ದು ಹೋಗಿ ಇನ್ನೊಮ್ಮೆ ಕೇಳಲು ಮೂವತ್ತು ಹೆಜ್ಜೆ ಸಾಕಿತ್ತು. ನಾನು ಏಳಲಿಲ್ಲ. ಆ ಪ್ರಶ್ನೆ ಸರಿಯಾಗಿತ್ತು, ಅದಕ್ಕೇ ನನಗೆ ಸಿಟ್ಟು ಬಂದಿತ್ತು. ಎಕ್ಸ್‌ಪ್ರೆಸ್ ಬಂದಾಗ ದಿಲಾವರ ಬೆಂಚು ಬಿಟ್ಟು ಏಳಲಿಲ್ಲ. "ನೀವು ಹೋಗ್ರಿ. ನಿಮಗಾದ್ರ ಟಿಸಿ ಇಂಗ್ಲೀಷಿನ್ಯಾಗ ತಿಳಿಸಿ ಹೇಳ್ತಾನ. ನನಗ ಕನ್ನಡದಾಗ ಬೈತಾನ" ಎಂದ.

ಬೈಯಲಿಲ್ಲ, ನಿಜ ಹೇಳಬೇಕು. ಟಿಸಿ ಸಭ್ಯ ಮನುಷ್ಯ. ಎರಡೂ ಟಿಕೆಟ್ಟು ನೋಡಿ, "ಇದು ಸಾದಾ ಗಾಡಿ ಟಿಕೆಟ್ರಿ. ಇದಕ್ಕ ನಡಿಯಂಗಿಲ್ಲ" ಎಂದ. ಆ ಗಾಡಿ ಇನ್ನೂ ಬಂದೇ ಇಲ್ಲವಲ್ಲ ಎಂದೆ.

"ಬಂದಿಲ್ಲ ಖರೆ. ರದ್ದ ಆಗೈತೇನ್ರಿ?"

"ಇಲ್ಲ."

"ಅಂದಮ್ಯಾಲ ಬರತೈತಿ. ಬರೂ ತನಕಾ ಕಾಯಬೇಕ್ರಿ."

ತಮ್ಮ ನಿಯಮಾವಳಿಯ ತಿರುಳನ್ನು ಇಷ್ಟು ಚಿಕ್ಕದಾಗಿ ತಾವೂ ಹೇಳಲಾರಿರಿ. ಬರದೇ ಹೋದ ಗಾಡಿಗೆ ತಮ್ಮಲ್ಲಿ ಪರಿಹಾರವಿದೆ. ಬರುತ್ತೇನೆ ಬರುತ್ತೇನೆ ಎನ್ನುತ್ತ ಬರದೇ ಇರುವ ಗಾಡಿಗೆ ತಾಳ್ಮೆಯೊಂದೇ.

ನಾನು ಫೋನಿನಿಂದ ದಂಡ ಕಟ್ಟಿದೆ. ವಿಜಯಲಕ್ಷ್ಮಿಯದನ್ನೂ ನಾನೇ ಕಟ್ಟುತ್ತೇನೆ ಎಂದೆ. ಟಿಸಿ ರಸೀದಿ ಬರೆಯಲು ಅವಳ ಹೆಸರು ಕೇಳಿದ. ಅವಳು ಸೀಟಿನಿಂದ ಎದ್ದು ನಿಂತಳು.

"ಹೆಸರ ಬರೀತೀರೇನ್ರಿ? ಏನಂತ ಬರೀತೀರಿ?"

"ಸರಿಯಾದ ಟಿಕೆಟ್ ಇಲ್ಲದ ಪ್ರಯಾಣ ಅಂತ. ಅದರಾಗೇನೈತ್ರಿ ಬೇ, ಎಲ್ಲಾರಿಗೂ ಅದನ್ನ ಬರೀತೇವಿ."

"ಬ್ಯಾಡ್ರಿ. ನನ್ನ ಹೆಸರ್ಲೆ ದಂಡದ ಚೀಟಿ ಬ್ಯಾಡ್ರಿ. ಅವರ ವಕೀಲಗ ಅದೊಂದ ಸಿಕ್ರ ಸಾಕು. ಕಳ್ಳ ಪ್ರಯಾಣ ಮಾಡೂ ಹೆಣಮಗಳು ಕೂಸಿಗೆ ಏನ ಕಲಸ್ತಾಳ ಅಂತ ಜಡ್ಜ್ ಸಾಹೇಬರ ಮುಂದ ನಿಂತ ಓದ್ತಾನ."

ಅಂಥದ್ದು ಯಾರ ಕೈಗೂ ಹೋಗುವುದಿಲ್ಲ ಎಂದು ನಾನು ಹೇಳಿದೆ, ಟಿಸಿಯೂ ಹೇಳಿದ. ನಂಬಲಿಲ್ಲ. ಒಂದು ತಾಸಿನ ಹಿಂದೆ ನನ್ನ ಒಂದು ಮಾತನ್ನು ನಂಬಿದ್ದಕ್ಕೇ ಈ ಗತಿ ಬಂದಿತ್ತಲ್ಲ. ಕೊನೆಗೆ ಟಿಸಿ ಆಚೀಚೆ ನೋಡಿ ದನಿ ತಗ್ಗಿಸಿದ. "ಆತ್ರಿ. ಮುಂದ ಕ್ರಾಸಿಂಗ್‌ಗೆ ನಿಂದರತೈತಿ, ಇಳಕೊಂಡ ಬಿಡ್ರಿ. ಹಿಂದ ನಿಮ್ಮ ಗಾಡಿ ಬರತೈತಿ, ನಿಮ್ಮ ಟಿಕೆಟ್ ಅದಕ್ಕ ನಡೀತೈತಿ. ನಾ ನಿಮ್ಮನ್ನ ನೋಡೇ ಇಲ್ಲ ಅಂತೇನಿ." ಅದು ಆತ ತೋರಿಸಿದ ದಯೆ. ದಯೆ ಅಲ್ಲ ಎಂದು ನಾನು ಹೇಳಲಾರೆ. ತಮ್ಮ ನಿಯಮದೊಳಗೆ ಆತನಿಗೆ ಉಳಿದಿದ್ದ ದಯೆ ಅಷ್ಟೇ ಇತ್ತು.

ಎದುರಿನಿಂದ ಬರುವ ಗಾಡಿಗೆ ದಾರಿ ಬಿಡಲು ಒಂದು ಪುಟ್ಟ ನಿಲ್ದಾಣದಲ್ಲಿ ಗಾಡಿ ನಿಂತಿತು. ಅವಳು ಇಳಿದಳು. ಎರಡೂ ರಸೀದಿಯನ್ನು ನನ್ನ ಹೆಸರಿಗೇ ಬರೆಯಿರಿ ಎಂದು ಹೇಳಬಹುದಿತ್ತು ಎಂದು ನನಗೆ ಹೊಳೆದದ್ದು ಗಾಡಿ ಮತ್ತೆ ಹೊರಟ ಮೇಲೆ. ಟಿಸಿ ಅದಕ್ಕೆ ಒಪ್ಪುತ್ತಿದ್ದನೋ ಇಲ್ಲವೋ, ಕೇಳಲಿಕ್ಕಾದರೂ ಬರುತ್ತಿತ್ತು. ಅವಳ ಜೊತೆ ನಾನೂ ಇಳಿಯಬಹುದಿತ್ತು. ಇಳಿಯಲಿಲ್ಲ. ನನ್ನ ಹತ್ತಿರ ರಸೀದಿ ಇತ್ತು, ಕಿಟಕಿ ಪಕ್ಕದ ಸೀಟು ಇತ್ತು, ಮುಂದೆ ಬಾಗೇವಾಡಿಯ ಬಸ್ಸು ಇತ್ತು. ತೊಗರಿ ಹೊಲದ ನಡುವಿನ ಆ ಪುಟ್ಟ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಅವಳು ಚೀಲವನ್ನು ತೊಡೆಯ ಮೇಲಿಟ್ಟು ಕುಳಿತದ್ದನ್ನು ನೋಡುತ್ತ ನಾನು ಮುಂದೆ ಹೋದೆ.

ಉಳಿದದ್ದನ್ನು ಅವಳೇ ನಾಲ್ಕು ದಿನ ಬಿಟ್ಟು ಫೋನಿನಲ್ಲಿ ಹೇಳಿದಳು. ಅಲ್ಲಿಂದ ಬಸ್ಸಿನ ರಸ್ತೆ ಮೂರು ಕಿಲೋಮೀಟರ್. ಹೊರಟರೆ ಹಿಂದೆ ಗಾಡಿ ಬಂದುಬಿಟ್ಟರೆ ಎಂಬ ಭಯ. ಕೇಳಿದವರೆಲ್ಲ ಈಗ ಬಂತು ಈಗ ಬಂತು ಎಂದರು. ಫೋನು ಮಾಡಿ ತಿಳಿಸಬಾರದಿತ್ತೇ ಎಂದು ತಾವು ಕೇಳಬಹುದು. ಮಾಡಿದಳು. ಗಂಡ ಅವಳ ನಂಬರನ್ನು ತಡೆಹಿಡಿದು ವರ್ಷವಾಗಿದೆ. ಕೇಂದ್ರದ ಫೋನು ಶನಿವಾರ ಯಾರೂ ಎತ್ತುವುದಿಲ್ಲ. ಗಾಡಿ ಬಂದಾಗ ಬಾಗಿಲಲ್ಲಿ ದಿಲಾವರ ನಿಂತಿದ್ದನಂತೆ. "ಹತ್ತವ್ವಾ, ಇದು ನಮ್ಮ ಗಾಡಿ, ಇದಕ್ಕ ಯಾರೂ ಕೇಳಂಗಿಲ್ಲ" ಎಂದನಂತೆ. ಅವಳು ಆ ಕೋಣೆಯ ಬಾಗಿಲು ಮುಟ್ಟಿದಾಗ ಒಂದು ಗಂಟೆ ಎಂಟು ನಿಮಿಷ. ಅಲ್ಲಿ ಕೆಲಸ ಮಾಡುವ ಸುಲ್ತಾನಬಿ ಕಸ ಗುಡಿಸುತ್ತಿದ್ದರು.

"ಹೋದ್ರು ನೋಡವ್ವಾ, ಈಗ ಹೋದ್ರು" ಎಂದರಂತೆ ಸುಲ್ತಾನಬಿ. "ಅಷ್ಟೊತ್ತನಕಾ ಬಾಗಲ ಹಿಡಕೊಂಡ ನಿಂತಿತ್ತು ಕೂಸು. ಕುಂದರ ಬಾ ಅಂದ್ರೂ ಕುಂದರಲಿಲ್ಲ."

ಅಲ್ಲಿಯ ಪುಸ್ತಕದಲ್ಲಿ ಆ ದಿನದ ಮುಂದೆ 'ತಾಯಿ ಗೈರುಹಾಜರು' ಎಂದು ಬರೆದಿದೆ. ಬರೆದವರ ತಪ್ಪಿಲ್ಲ. ಗಾಡಿ ಗೈರುಹಾಜರು ಎಂದು ಬರೆಯಲು ಆ ಪುಸ್ತಕದಲ್ಲಿ ಕಾಲಂ ಇಲ್ಲ. ಗಂಡನ ಕಡೆಯ ಅರ್ಜಿ ಮುಂದಿನ ವಾರವೇ ನ್ಯಾಯಾಲಯಕ್ಕೆ ಬಂತು: ತಾಯಿಗೆ ಮಗುವಿನಲ್ಲಿ ಆಸಕ್ತಿ ಇಲ್ಲ, ಸತತ ಎರಡು ಭೇಟಿಗಳನ್ನು ತಪ್ಪಿಸಿದ್ದಾಳೆ, ಭೇಟಿಯ ಅನುಮತಿಯನ್ನು ಹಿಂಪಡೆಯಬೇಕು. ವಿಚಾರಣೆ ಡಿಸೆಂಬರ್ ಹತ್ತಕ್ಕೆ.

ಈಗ ತಮ್ಮನ್ನು ಕೇಳುತ್ತೇನೆ. ಕಿಟಕಿಯಲ್ಲಿ ನಾವು ಕೊಳ್ಳುವುದು ಏನನ್ನು? ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವ ಹಕ್ಕನ್ನೋ, ಅಥವಾ ಒಂದು ನಿರ್ದಿಷ್ಟ ಗಾಡಿಯ ದಾರಿ ಕಾಯುವ ಹಕ್ಕನ್ನೋ? ಟಿಕೆಟ್ಟಿನ ಮೇಲೆ ಇಂತಿಷ್ಟು ಗಂಟೆಯೊಳಗೆ ಪ್ರಯಾಣ ಆರಂಭಿಸಬೇಕು ಎಂದು ನಮಗೆ ಗಡುವು ಅಚ್ಚಾಗಿರುತ್ತದೆ. ಗಾಡಿಗೆ ಅಂಥ ಗಡುವನ್ನು ಯಾರು ಅಚ್ಚು ಹಾಕಿದ್ದಾರೆ? ಒಪ್ಪಂದ ಎಂದರೆ ಇಬ್ಬರೂ ಪಾಲಿಸಬೇಕಾದದ್ದು ಎಂದು ನಾನು ಮಕ್ಕಳಿಗೆ ಹೇಳಿಕೊಡುತ್ತೇನೆ. ತಮ್ಮ ಒಪ್ಪಂದದಲ್ಲಿ ತಪ್ಪಿದವರು ವಿಷಾದಿಸುತ್ತಾರೆ, ತಪ್ಪದವರು ದಂಡ ಕಟ್ಟುತ್ತಾರೆ. ಇದನ್ನು ಯಾವ ಅಧ್ಯಾಯದಲ್ಲಿ ಹೇಳಿಕೊಡಲಿ?

ಕಳೆದ ಬೇಸಿಗೆಯಲ್ಲಿ ಸಿಂದಗಿಯಿಂದ ಇಂಡಿಗೆ ಬರುವಾಗ ನಮ್ಮ ಬಸ್ಸು ದಾರಿಯಲ್ಲಿ ಕೆಟ್ಟಿತು. ಕಂಡಕ್ಟರ್ ಪರಪ್ಪ ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ನಿಲ್ಲಿಸಿ ತಾನು ರಸ್ತೆಯ ನಡುವೆ ನಿಂತ. ಹಿಂದಿನಿಂದ ವೇಗದೂತ ಬಸ್ಸು ಬಂತು. ಅದರ ಕಂಡಕ್ಟರ್ ಕಿಟಕಿಯಿಂದ ತಲೆ ಹಾಕಿ, "ಏ ಪರಪ್ಪಣ್ಣ, ನಂದು ವೇಗದೂತ ಐತೋ. ನಿನ್ನ ಮಂದಿ ಸಾದಾ ಟಿಕೆಟ್" ಎಂದ. ಪರಪ್ಪ, "ಟಿಕೆಟ್ ಸಾದಾನೋ ಮಾರಾಯಾ, ಮಂದಿ ಸಾದಾ ಅದಾರೇನು? ಇಂಥಾ ಬಿಸಲಾಗ ನಿಂತಾರ, ಹತ್ತಿಸ್ಕೋ" ಎಂದು ಬಾಗಿಲು ತೆಗೆಸಿ, ಎಲ್ಲರ ಟಿಕೆಟ್ಟಿನ ಬೆನ್ನ ಮೇಲೆ ಗೀಚಿ ಕೊಟ್ಟ. ಅದಕ್ಕೆ ನಿಯಮವಿದೆಯೋ, ಬರೀ ರೂಢಿಯೋ ನನಗೆ ಗೊತ್ತಿಲ್ಲ. ಬಸ್ಸಿನಲ್ಲಿದ್ದ ಯಾರೂ ಅದನ್ನು ಉಪಕಾರ ಎಂದು ತಿಳಿಯಲಿಲ್ಲ. ಒಂದು ಬಸ್ಸು ಕೆಟ್ಟರೆ ಇನ್ನೊಂದು ಬಸ್ಸು ಒಯ್ಯುತ್ತದೆ, ಅಷ್ಟೇ. ಪೆನ್ನಿನ ಒಂದು ಗೀಚಿನಿಂದ ಆಗುವ ಕೆಲಸ ಇಷ್ಟು ದೊಡ್ಡ ತಮ್ಮ ಇಲಾಖೆಯಲ್ಲಿ ಯಾಕೆ ಆಗುವುದಿಲ್ಲ?

ತಮ್ಮ ಪರವಾಗಿಯೂ ನಾನು ಯೋಚಿಸಿ ನೋಡಿದ್ದೇನೆ. ಸಾದಾ ಟಿಕೆಟ್ಟಿನವರೆಲ್ಲ ಎಕ್ಸ್‌ಪ್ರೆಸ್ಸಿಗೆ ನುಗ್ಗಿದರೆ, ದೂರದ ಊರಿಗೆ ಸೀಟು ಕಾದಿರಿಸಿದವರು ಎಲ್ಲಿ ಕೂರಬೇಕು? ದಿನಾ ಹತ್ತು ನಿಮಿಷದ ತಡವನ್ನು ನೆಪ ಮಾಡಿಕೊಂಡು ಮೋಸ ಮಾಡುವವರಿಲ್ಲವೇ? ಇದ್ದಾರೆ. ನಿಂತುಹೋದ ಬಸ್ಸೂ ತಡವಾದ ಗಾಡಿಯೂ ಒಂದೇ ಅಲ್ಲ ಎಂದೂ ತಾವು ಹೇಳಬಹುದು. ಇರಲಿ. ಆದರೆ ಎಲ್ಲಿಯಾದರೂ ಒಂದು ಗೆರೆ ಎಳೆಯಬೇಕಲ್ಲ? ಒಂದು ಗಂಟೆ ಎನ್ನಿ, ಬೇಡ, ಎರಡು ಎನ್ನಿ. ಅಷ್ಟು ಮೀರಿದರೆ ಮುಂದಿನ ಗಾಡಿಯ ಸಾಮಾನ್ಯ ಬೋಗಿಯಲ್ಲಿ ನಿಂತುಕೊಂಡಾದರೂ ಹೋಗಲು ಬಿಡಿ. ಈಗಿರುವಂತೆ, ಮೂರೂವರೆ ಗಂಟೆಯೂ ಹತ್ತು ನಿಮಿಷವೂ ತಮ್ಮ ಕಣ್ಣಿಗೆ ಒಂದೇ.

ದೂರು ಕೊಡುವ ಆ್ಯಪ್‌ನಲ್ಲಿ ದೂರು ಕೊಟ್ಟಿದ್ದೇನೆ. ಹದಿನೈದೇ ನಿಮಿಷದಲ್ಲಿ ಉತ್ತರ ಬಂತು. ತಮ್ಮಲ್ಲಿ ಹೊತ್ತಿಗೆ ಮುಂಚೆ ಬಂದ ಮೊದಲ ವಸ್ತು ಅದು. ಸರಿಯಾದ ಟಿಕೆಟ್ ಇಲ್ಲದ್ದರಿಂದ ದಂಡ ಕ್ರಮಬದ್ಧ, ದೂರು ಪರಿಹಾರವಾಗಿದೆ ಎಂದಿತ್ತು. ಅದರ ಕೆಳಗೆ, ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿತ್ತು. ಆಮೇಲೆ ಎರಡು ಸಂಜೆ ಕೂತು ನಿಯಮಗಳನ್ನು ಇಂಗ್ಲಿಷಿನಲ್ಲೇ ಓದಿದೆ. ನನಗೆ ಸಿಕ್ಕಷ್ಟು ಪುಟಗಳಲ್ಲಿ ಗಾಡಿ ತಡವಾದರೆ ಟಿಕೆಟ್ಟನ್ನು ವಾಪಸು ಕೊಡುವ ದಾರಿ ಇತ್ತು. ಊರು ಮುಟ್ಟುವ ದಾರಿ ಕಾಣಲಿಲ್ಲ. ನನ್ನ ಓದು ತಪ್ಪಿದ್ದರೆ ತಿದ್ದಿ. ಆದರೆ ಇಂಗ್ಲಿಷ್ ಕಲಿಸಿ ಬದುಕುವವಳಿಗೆ ಎರಡು ಸಂಜೆ ಹಿಡಿಯುವ ನಿಯಮ, ನಿಲ್ದಾಣದ ಕಿಟಕಿಯಲ್ಲಿ ಎರಡು ನಿಮಿಷದಲ್ಲಿ ಯಾರಿಗೆ ಅರ್ಥವಾಗಬೇಕು?

ಗಾಡಿ ಅಂದು ಇಷ್ಟು ತಡವಾಗಿತ್ತು ಎಂದು ಒಂದು ಸಾಲು ಬರೆದುಕೊಡಿ ಎಂದು ಕೇಳಲು ವಿಜಯಲಕ್ಷ್ಮಿ ಅದೇ ನಿಲ್ದಾಣಕ್ಕೆ ಮೂರು ಸಲ ಹೋಗಿದ್ದಾಳೆ. ಒಮ್ಮೆ ನಾನೂ ಹೋಗಿದ್ದೆ. "ಹಂಗ ಬರದ ಕೊಡಾಕ ನಮಗ ಅಧಿಕಾರ ಇಲ್ಲರಿ" ಎಂದರು. ತಡವಾಗಲು ಯಾರ ಅಧಿಕಾರವೂ ಬೇಕಾಗಿರಲಿಲ್ಲ. ತಡವಾದದ್ದನ್ನು ಒಪ್ಪಿಕೊಳ್ಳಲು ಮೇಲಿನವರ ಅಧಿಕಾರ ಬೇಕು. ಆ ಮೇಲಿನವರು ತಾವು.

ಆದ್ದರಿಂದ ನನ್ನ ಬೇಡಿಕೆಗಳಲ್ಲಿ ದೊಡ್ಡದು ನಿಧಾನವಾಗಿ ಆಗಲಿ. ತಡವಾದ ಗಾಡಿಯ ಟಿಕೆಟ್ಟು ಮುಂದಿನ ಗಾಡಿಗೆ ಸಲ್ಲುವಂತೆ ಗೆರೆ ಎಳೆಯಿರಿ. ಅದಾಗುವವರೆಗೆ, ಯಾವ ಟಿಕೆಟ್ಟು ಯಾವ ಗಾಡಿಗೆ ಸಲ್ಲುತ್ತದೆ, ಯಾವುದಕ್ಕೆ ಸಲ್ಲುವುದಿಲ್ಲ ಎಂದು ಪ್ರತಿ ಕಿಟಕಿಯ ಮೇಲೆ ನಮಗೆ ತಿಳಿಯುವ ಕನ್ನಡದಲ್ಲಿ ಬರೆಸಿ. ತಿಂಗಳು ಹಿಡಿಯಲಿ, ವರ್ಷ ಹಿಡಿಯಲಿ. ಸಣ್ಣ ಬೇಡಿಕೆಗೆ ಮಾತ್ರ ಅಷ್ಟು ಸಮಯವಿಲ್ಲ. ನವೆಂಬರ್ ಎಂಟರಂದು ಆ ಗಾಡಿ ಯಾವ ನಿಲ್ದಾಣಕ್ಕೆ ಎಷ್ಟು ಗಂಟೆಗೆ ಬಂತು ಎಂಬುದನ್ನು ಮೊಹರು ಹಾಕಿ ಬರೆದ ಒಂದು ಹಾಳೆ, ಡಿಸೆಂಬರ್ ಹತ್ತರೊಳಗೆ ವಿಜಯಲಕ್ಷ್ಮಿಯ ಕೈಗೆ ಬರಬೇಕು. ತಮ್ಮ ಕಂಪ್ಯೂಟರಿನಲ್ಲಿ ಅದು ಇದ್ದೇ ಇರುತ್ತದೆ. ಅಂಚೆಯ ಪ್ರತಿಯ ಜೊತೆ ಗಾಡಿಯ ನಂಬರನ್ನೂ ಅವಳ ವಿಳಾಸವನ್ನೂ ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಪತ್ರಿಕೆಗೆ ಕಳಿಸುವ ಪ್ರತಿಯಲ್ಲಿ ಅವಿಲ್ಲ. ನನ್ನ ಪಾಲಿನದನ್ನು ನಾನು ಮಾಡಿದ್ದೇನೆ. ಬಸ್ಸಿಗೆ ಹೊರಟವಳನ್ನು ತಡೆದದ್ದು ನಾನು ಎಂದು ಪ್ರಮಾಣಪತ್ರ ಬರೆದು ಅವಳ ವಕೀಲರಿಗೆ ಕೊಟ್ಟಿದ್ದೇನೆ, ವಿಚಾರಣೆಯ ದಿನ ಕಾಲೇಜಿಗೆ ರಜೆ ಹಾಕಿದ್ದೇನೆ. ಆದರೆ ವಕೀಲರು ಹೇಳುವುದು ನಿಜ. ಒಬ್ಬ ಹೆಂಗಸಿನ ಪರವಾಗಿ ಇನ್ನೊಬ್ಬ ಹೆಂಗಸು ಹೇಳುವ ಮಾತಿಗೆ ಇರುವ ತೂಕಕ್ಕಿಂತ ಒಂದು ಮೊಹರಿಗೆ ತೂಕ ಜಾಸ್ತಿ.

ನಿನ್ನೆ, ಶನಿವಾರ, ಅಗರಖೇಡಕ್ಕೆ ಹೋಗಿ ಇದನ್ನು ಅವಳಿಗೆ ಓದಿ ಹೇಳಿದೆ. ಹೆಸರು ಬದಲಿಸಲೇ ಎಂದು ಕೇಳಿದೆ. ಹೊಲಿಗೆ ಯಂತ್ರದಿಂದ ಕೈ ತೆಗೆಯದೆ, "ಯಾಕ್ರಿ? ಆ ದಂಡದ ಚೀಟ್ಯಾಗ ಬ್ಯಾಡ ಅಂದಿದ್ದೆ. ಇದರಾಗ ಇರ್ಲಿ. ನಾನೇನ ಕದ್ದೇನೇನು?" ಎಂದಳು. ಮತ್ತೆ ಸ್ವಲ್ಪ ಹೊತ್ತು ಹೊಲಿದು, "ಹನ್ನೊಂದಕ್ಕ ಅಲ್ಲೇ ಇರಬೇಕಂತ ಹಿಂದಿನ ದಿನಾನ ವಿಜಯಪುರಕ್ಕ ಹೋಗಿ ಮಲಗ್ತೇನ್ರಿ ಇನ್ನಮ್ಯಾಲ. ಕೋರ್ಟಿನವರು ಬರಾಕ ಬಿಟ್ರ" ಎಂದಳು.

ಮಾನ್ಯರೇ, ಅವಳ ಮಾತಿನ ಕೊನೆಯ ಮೂರು ಪದಗಳನ್ನು ದಯವಿಟ್ಟು ಇನ್ನೊಮ್ಮೆ ಓದಿ.

ಇಂತಿ,
ತಮ್ಮ ವಿಶ್ವಾಸಿ ಎಂದು ಬರೆಯಲು ಕೈ ಏಳದ,
ಇನ್ನೊಬ್ಬಳ ವಿಶ್ವಾಸಕ್ಕೂ ಸಲ್ಲದೆ ಹೋದ,
ರಂಜನಾ ಜಯತೀರ್ಥ ನಾಲತವಾಡ
ಮುದ್ದೇಬಿಹಾಳ

ಬರೆದು ಮುಗಿಸಿದ್ದು ಭಾನುವಾರ. ಅಂಚೆಗೆ ಹಾಕುವುದು ನಾಳೆ, ಸೋಮವಾರ, 24 ನವೆಂಬರ್ 2025.